ಹೆಸರಿಲ್ಲದ ಪತ್ರದೊಳಗೆ ಏನಿದೆ

(ಓದುಗರ ಪ್ರಶ್ನೆಗಳಿಗೆ ಉತ್ತರ. ಉತ್ತರಿಸುವವರು ಮೂವತ್ತು ವರ್ಷ ತಾಲೂಕು ಕಚೇರಿಗಳಲ್ಲಿ ದುಡಿದು ಶಿರಸ್ತೇದಾರರಾಗಿ ನಿವೃತ್ತರಾದವರು, ಈಗ ವಿಜಯಪುರದಲ್ಲಿದ್ದಾರೆ.)

ಪ್ರಶ್ನೆ: ಅಕ್ಕಾವರಿಗೆ ನಮಸ್ಕಾರ. ನಮ್ಮದು ಬಾಗಲಕೋಟೆ ಜಿಲ್ಲೆಯ ನೇಕಾರರ ಊರು. ನನಗೆ 23 ವರ್ಷ. ಬಿ.ಕಾಂ. ಮುಗಿಸಿ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಎರಡು ವರ್ಷದಿಂದ ಇನ್‌ಸ್ಟಾಗ್ರಾಂನಲ್ಲಿ ಬೇರೆ ಹೆಸರಿನ ಖಾತೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಎಂ.ಕಾಂ. ಓದುವುದು ಬೇಡ ಎಂದು ಅಪ್ಪ ಹೇಳಿದ್ದು, ತಿಂಗಳ ಮೂರು ದಿನ ಈಗಲೂ ಹಿತ್ತಲ ಖೋಲಿಯಲ್ಲಿ ಮಲಗುವುದು, ನೋಡಲು ಬಂದವರು ನನ್ನ ಬಣ್ಣದ ಬಗ್ಗೆ ಆಡಿಹೋದ ಮಾತು, ಇಂಥವು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎಷ್ಟೋ ಹುಡುಗಿಯರು ‘ಇದು ನಮ್ಮನಿ ಕಥೀನ’ ಎಂದು ಬರೆಯುತ್ತಾರೆ. ಒಮ್ಮೆ ಮಾತ್ರ ನಮ್ಮ ಓಣಿಯ ಒಬ್ಬ ಸೊಸೆ ತವರಿಗೆ ಹೋಗಿ ಕೂತದ್ದರ ಬಗ್ಗೆ ಬರೆದಿದ್ದೆ. ಹೆಸರು ಹಾಕಿರಲಿಲ್ಲ.

ಈಗ ನಮ್ಮೂರಲ್ಲಿ ಯಾರೋ ಹೆಸರಿಲ್ಲದ ಪೇಜ್ ಶುರು ಮಾಡಿ ಕಾಲೇಜು ಹುಡುಗಿಯರ ಬಗ್ಗೆ ಹಾಕುತ್ತಿದ್ದಾರೆ. ಯಾರು ಯಾರ ಬೈಕ್ ಹತ್ತಿದಳು, ಬಸ್‌ಸ್ಟ್ಯಾಂಡಿನಲ್ಲಿ ಯಾರ ಜೊತೆ ನಿಂತಿದ್ದಳು ಎಂದು. ನನ್ನ ಕಾಕಾನ ಮಗಳ ಹೆಸರಿನ ಮೊದಲ ಅಕ್ಷರ, ಕಾಲೇಜು, ತರಗತಿ ಎಲ್ಲ ಹಾಕಿದರು. ಕಾಕಾ ಆಕೆಯ ಕಾಲೇಜು ಬಿಡಿಸಿಬಿಟ್ಟಿದ್ದಾರೆ. ‘ಹೆಸರು ಹೇಳದ ಬರಿಯೋರೆಲ್ಲ ಹೇಡಿಗೋಳು, ಕೈ ಮುರೀಬೇಕು’ ಎಂದು ನನ್ನ ಅಣ್ಣ ಅಂದ. ರೊಟ್ಟಿ ಬಡಿಯುತ್ತ ಕೂತಿದ್ದ ನನ್ನ ಕೈ ನಡುಗಿತು. ನಾನೂ ಅವರೂ ಒಂದೇ ಏನು? ಖಾತೆ ಮುಚ್ಚಿಬಿಡಲೇ? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ತಂಗಿ, ನಿಮ್ಮ ಲಕೋಟೆಯ ಮೇಲೆ ಅಂಚೆ ಮುದ್ರೆ ಸ್ಪಷ್ಟವಾಗಿ ಬಿದ್ದಿತ್ತು, ಊರು ಓದಲು ಬರುತ್ತಿತ್ತು. ಅದನ್ನು ಹರಿದು ಒಲೆಗೆ ಹಾಕಿದ್ದೇನೆ. ಪತ್ರದ ಎರಡು ವಿವರ ಬದಲಿಸಿಯೇ ಅಚ್ಚಿಗೆ ಕೊಟ್ಟಿದ್ದೇನೆ. ನಿಮ್ಮ ಅಂಗಡಿಯವರು ಓದಿದರೂ ನಿಮ್ಮ ಗುರುತು ಹತ್ತುವುದಿಲ್ಲ. ಈ ಪುಟಕ್ಕೆ ಬರುವ ಬಹುಪಾಲು ಪತ್ರಗಳಿಗೆ ಹೆಸರೇ ಇರುವುದಿಲ್ಲ. ಹೆಸರು ಹೇಳಿದರಷ್ಟೇ ಉತ್ತರ ಎಂದು ನಾನು ಹಟ ಹಿಡಿದಿದ್ದರೆ ಇಲ್ಲಿ ಅಡುಗೆಯ ಉಪ್ಪು-ಖಾರದ ಪ್ರಶ್ನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ್ದು 1987ರಲ್ಲಿ, ಗಂಡ ತೀರಿಕೊಂಡ ಮೇಲೆ, ಅನುಕಂಪದ ನೌಕರಿ. ವಿಜಯಪುರ ಆಗ ಬಿಜಾಪುರ. ಒಂದು ತಾಲೂಕು ಕಚೇರಿಯಲ್ಲಿ ನನಗೆ ಆವಕ-ಜಾವಕದ ಟೇಬಲ್ಲು ಕೊಟ್ಟರು. ಬಂದ ಟಪಾಲು ಒಡೆದು, ಓದಿ, ರಿಜಿಸ್ಟರಿನಲ್ಲಿ ನಂಬರ್ ಹಾಕಿ ಆಯಾ ಶಾಖೆಗೆ ಕಳಿಸಬೇಕು. ಅದರೊಳಗೆ ಮೂಗರ್ಜಿ ಇಲ್ಲದ ವಾರವೇ ಇರುತ್ತಿರಲಿಲ್ಲ. ಇನ್‌ಲ್ಯಾಂಡ್ ಪತ್ರ, ಹಳದಿ ಕಾರ್ಡು, ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಗುರುತು ಹತ್ತಬಾರದೆಂದು ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರ. ಕೆಳಗೆ ‘ನೊಂದ ನಾಗರಿಕ’ ಎಂದೋ ‘ಊರ ಹತ್ತೂ ಸಮಸ್ತರು’ ಎಂದೋ ಇರುತ್ತಿತ್ತು.

ಅವುಗಳಲ್ಲಿ ಎರಡು ನನಗೆ ಇವತ್ತಿಗೂ ಬಾಯಿಪಾಠ ಇವೆ.

ಒಂದು ಕಾರ್ಡು ವಿಧವಾ ವೇತನದ್ದು. ಹಳ್ಳಿಯ ಹೆಸರು, ಒಂಬತ್ತು ಹೆಣ್ಣುಮಕ್ಕಳ ಹೆಸರು, ಮನಿಯಾರ್ಡರ್ ಬಂದ ತಾರೀಖು, ನಡುವಿನವನೊಬ್ಬ ಯಾರಿಂದ ಎಷ್ಟು ಹಿಡಿದುಕೊಂಡ ಎಂಬ ಲೆಕ್ಕ. ಅಕ್ಷರ ಯಾರೋ ಶಾಲೆ ಹುಡುಗನದು. ಹೇಳಿ ಬರೆಸಿದವಳು ಯಾವುದೋ ಮುದುಕಿ ಇದ್ದಿರಬೇಕು. ಬರೆದವರು ಯಾರು ಎಂದು ಹುಡುಕುವ ಗರಜೇ ಬೀಳಲಿಲ್ಲ. ಆ ಒಂಬತ್ತು ಮನೆಗೆ ಹೋಗಿ ಕೇಳಿದರೆ ಮುಗಿಯಿತು. ಕೇಳಿದರು, ನಿಜವಿತ್ತು, ಮರುತಿಂಗಳಿಂದ ಪೂರ್ತಿ ದುಡ್ಡು ಅವರ ಕೈಗೆ ಬಂತು.

ಇನ್ನೊಂದು 1989ರದು, ನನ್ನ ಮೇಲೆಯೇ. ‘ನಿಮ್ಮ ಕಚೇರಿಯ ವಿಧವೆ ಕಾರಕೂನಳು ಗಂಡ ಸತ್ತು ಇನ್ನೂ ಮೂರು ವರ್ಷ ತುಂಬಿಲ್ಲ, ಹಣಿಗೆ ಟಿಕಳಿ ಹಚ್ಚತಾಳ, ಸಾಹೇಬರ ಜೀಪಿನ್ಯಾಗ ಅಡ್ಡಾಡತಾಳ, ನಡತಿ ಚಲೋ ಇಲ್ಲ.’ ಟಪಾಲು ಒಡೆಯುವವಳು ನಾನೇ ಅಲ್ಲವೇ? ಅದಕ್ಕೂ ನಂಬರ್ ಹಾಕಬೇಕಿತ್ತು. ರಿಜಿಸ್ಟರಿನ ‘ವಿಷಯ’ದ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ‘ಸಿಬ್ಬಂದಿ ನಡತೆ ಕುರಿತು’ ಎಂದು ಬರೆದು, ಸಾಹೇಬರ ಮೇಜಿಗೆ ನಾನೇ ಒಯ್ದು ಇಟ್ಟೆ. ಅವರು ಓದಿ, ‘ಕ್ರಮ ಬೇಕಿಲ್ಲ’ ಎಂದು ಷರಾ ಬರೆದು, ‘ಹೋಗ್ರಿ, ಕೆಲಸ ನೋಡ್ರಿ’ ಅಂದರು. ಒಳ್ಳೆಯ ಮನುಷ್ಯ. ಆದರೂ ಟಿಕಳಿ ಹಚ್ಚಿಕೊಳ್ಳಲು ನನಗೆ ಆರು ವರ್ಷ ಕೈ ಏಳಲಿಲ್ಲ. ಮಗಳು ಹೈಸ್ಕೂಲಿಗೆ ಹೋದ ಮೊದಲ ದಿನ ತಾನು ಹಚ್ಚಿಕೊಂಡು, ನನ್ನ ಹಣೆಗೂ ಹಚ್ಚಿಬಿಟ್ಟಳು.

ಎರಡಕ್ಕೂ ಸಹಿ ಇರಲಿಲ್ಲ, ತಂಗಿ. ವೇತನದ ಕಾರ್ಡಿನಲ್ಲಿದ್ದುದು ನಿಜವೋ ಸುಳ್ಳೋ ಎಂದು ಬರೆದವರನ್ನು ಕೇಳದೆಯೇ ನೋಡಿಕೊಳ್ಳಬಹುದಿತ್ತು. ನನ್ನ ಮೇಲಿನ ಪತ್ರದಲ್ಲಿ ನೋಡಿಕೊಳ್ಳುವಂಥದ್ದು ಏನಿತ್ತು? ನಡತೆಗೆ ತಾರೀಖಿಲ್ಲ, ರಸೀದಿ ಇಲ್ಲ. ಬರೆದವರು ಮುಸುಕು ಹೊದ್ದುಕೊಂಡು ನನ್ನನ್ನು ಮಾತ್ರ ಸಂತೆಯಲ್ಲಿ ನಿಲ್ಲಿಸಿದ್ದರು. ನಿಮ್ಮೂರಿನ ಆ ಪೇಜ್ ಮಾಡುತ್ತಿರುವುದು ಇದನ್ನೇ. ನೀವು ಬರೆಯುತ್ತಿರುವುದು ನಿಮ್ಮ ಮೈಮೇಲೆ ಬಂದದ್ದನ್ನು. ನಿಮ್ಮಣ್ಣನ ಸಿಟ್ಟು ಸರಿಯಾದದ್ದೇ, ಆದರೆ ಆ ಪೇಜಿನವರನ್ನೂ ನಿಮ್ಮಂಥವರನ್ನೂ ಅವರು ಒಂದೇ ತಕ್ಕಡಿಗೆ ಹಾಕಿದರು.

ಹಾಗೆ ಒಂದೇ ತಕ್ಕಡಿಗೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಕಚೇರಿಯಲ್ಲಿ ಕೂತು ನೋಡಿದ್ದೇನೆ. 1999ರ ಜೂನ್‌ನಲ್ಲಿ ಕೇಂದ್ರ ಜಾಗೃತ ಆಯೋಗವು ಹೆಸರಿಲ್ಲದ, ಸುಳ್ಳು ಹೆಸರಿನ ದೂರುಗಳ ಮೇಲೆ ಯಾವ ಕ್ರಮವನ್ನೂ ತೆಗೆದುಕೊಳ್ಳಬೇಡಿ ಎಂದು ಸುತ್ತೋಲೆ ಹೊರಡಿಸಿತು. ಸುಳ್ಳು ಅರ್ಜಿಗಳಿಂದ ಬೇಯುತ್ತಿದ್ದ ನನ್ನಂಥವರಿಗೆ ಹಾಯೆನಿಸಿದ್ದು ನಿಜ. ನಾಲ್ಕು ವರ್ಷದ ಮೇಲೆ ಸತ್ಯೇಂದ್ರ ದುಬೆಯವರ ಸುದ್ದಿ ಬಂತು. ಹೆದ್ದಾರಿ ಕಾಮಗಾರಿಯ ಭ್ರಷ್ಟಾಚಾರದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದ ಎಂಜಿನಿಯರ್ ಅವರು. ಹೆಸರಿಲ್ಲದ ದೂರಿಗೆ ಬೆಲೆ ಇಲ್ಲದ ಕಾಲ; ತಾವು ಯಾರೆಂದು ತಿಳಿಸಿ, ನನ್ನ ಹೆಸರು ಗುಟ್ಟಾಗಿಡಿ ಎಂದು ಬೇಡಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಇಲಾಖೆಯಿಂದ ಇಲಾಖೆಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ತನಿಖೆ ಅದನ್ನು ದರೋಡೆಕೋರರ ಕೃತ್ಯ ಎಂದಿತು. ಆದರೂ ದೇಶವೆಲ್ಲ ಕೇಳಿದ್ದು ಆ ಹೆಸರು ಯಾಕೆ ಹೊರಬಿತ್ತು ಎಂದೇ. ದೂರು ಕೊಟ್ಟವರ ಹೆಸರು ಮುಚ್ಚಿಡುವ ಏರ್ಪಾಡನ್ನು ಕೇಂದ್ರ ಸರ್ಕಾರ ಮಾಡಿದ್ದು ಆ ಸಾವಿನ ಮರುವರ್ಷ, 2004ರಲ್ಲಿ.

ಇನ್ನು ನಿಮ್ಮ ಖಾತೆ. ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು ಕಳೆದ ಶತಮಾನದಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಬೀಸುವ ಕಲ್ಲಿನ ಹಾಡುಗಳನ್ನು ಬರೆದಿಟ್ಟರು. ಕೋಳಿ ಕೂಗುವ ಹೊತ್ತಿಗೆ ಜೋಳ ಬೀಸುತ್ತ ನನ್ನವ್ವನೂ ಹಾಡುತ್ತಿದ್ದಳು. ಅತ್ತೆಯ ಕಾಟ, ಕರೆಯಲು ಬಾರದ ಅಣ್ಣ, ತವರಿನ ದಾರಿ. ಕಟ್ಟಿದವಳು ಯಾರೆಂದು ಯಾರಿಗೂ ಗೊತ್ತಿಲ್ಲ. ಬಾಯಿ ಬಿಟ್ಟು ಹೇಳಿದ್ದರೆ ಮನೆಯಿಂದ ಹೊರಗೆ ಹಾಕುತ್ತಿದ್ದರು; ಹಾಡಿದ್ದರಿಂದ ಊರೆಲ್ಲ ಕೇಳಿತು. ನಿಮ್ಮ ಖಾತೆ ನನಗೆ ಆ ಕಲ್ಲಿನ ಮುಂದೆ ಕೂತ ಹಾಗೆ ಕಾಣುತ್ತದೆ. ಅದನ್ನು ಮುಚ್ಚಬೇಡಿ.

ಆ ಹಾಡುಗಳಲ್ಲಿ ಹಾಡಿದವಳ ಹೆಸರಿಲ್ಲ, ಅತ್ತೆಯ ಹೆಸರೂ ಇಲ್ಲ, ಓಣಿಯ ಗುರುತೂ ಇಲ್ಲ. ಅದಕ್ಕೇ ಹೇಳುತ್ತೇನೆ, ಓಣಿಯ ಸೊಸೆಯ ಬಗ್ಗೆ ಬರೆದದ್ದನ್ನು ಇವತ್ತೇ ತೆಗೆಯಿರಿ. ಹೆಸರು ಹಾಕಿರಲಿಲ್ಲ ಎಂದು ಬರೆದಿದ್ದೀರಿ. ನಿಮ್ಮ ತಂಗಿಯ ಹೆಸರನ್ನೂ ಅವರು ಪೂರ್ತಿ ಹಾಕಿರಲಿಲ್ಲವಲ್ಲ. ಆ ಸೊಸೆ ತವರಿನಲ್ಲಿ ಕೂತು ಫೋನಿನಲ್ಲಿ ಅದನ್ನು ಓದಿದ್ದರೆ, ಆಕೆಗೆ ನನ್ನ ರಿಜಿಸ್ಟರಿನ ಆ ದಿನವೇ ಬಂದಿರುತ್ತದೆ. ನಿಮ್ಮನ್ನು ನೋಯಿಸಬೇಕೆಂದು ಈ ಮಾತಲ್ಲ. ನೀವಾಗಿಯೇ ಅದನ್ನು ಪತ್ರದಲ್ಲಿ ಬರೆದಿರಿ. ನಿಮ್ಮ ಮನಸ್ಸಿಗೂ ಅದು ಚುಚ್ಚುತ್ತಿದೆ.

ತಂಗಿಯ ವಿಷಯ ತಡ ಮಾಡಬೇಡಿ. ಪೇಜಿನ ವಿಳಾಸ, ದಿನ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ದೂರವಾದರೆ ನಿಮ್ಮೂರ ಠಾಣೆಯಲ್ಲೇ ಕೊಡಬಹುದು; 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಂತೆ, ನಮ್ಮ ಹದ್ದಿನಲ್ಲಿ ಬರುವುದಿಲ್ಲ ಎಂದು ಯಾವ ಠಾಣೆಯವರೂ ಹಿಂದಕ್ಕೆ ಕಳಿಸುವಂತಿಲ್ಲ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ ಇದೆ, ಮೂರು ವರ್ಷದವರೆಗೆ ಸಜೆ. ವಕೀಲರ ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ನೆರವು ಸಿಗುತ್ತದೆ. ಸಹಾಯವಾಣಿ 15100. ಮುಸುಕು ಹೊದ್ದವರು ಕಾಣುವುದೇ ಇಲ್ಲ ಎಂದುಕೊಳ್ಳಬೇಡಿ. ಖಾತೆ ತೆರೆಯಲು ಕೊಟ್ಟ ಮೊಬೈಲ್ ನಂಬರು, ಯಾವ ಸಂಪರ್ಕದಿಂದ ಒಳಹೊಕ್ಕರು ಎಂಬ ದಾಖಲೆ ಕಂಪನಿಯ ಬಳಿ ಇರುತ್ತವೆ, ಪೊಲೀಸರು ಕೇಳಿ ತರಿಸಬಹುದು. (ನಿಮಗೂ ಇದು ತಿಳಿದಿರಲಿ. ಕಿಟಕಿಯಿಂದ ಕಾಣುವ ಗುಡಿಯ ಶಿಖರ, ಅಂಗಡಿಯ ಚೀಲ ಫೋಟೋದಲ್ಲಿ ಬರದಂತೆ ನೋಡಿಕೊಳ್ಳಿ.) ಠಾಣೆಗೆ ಅಣ್ಣನನ್ನೇ ಕರೆದುಕೊಂಡು ಹೋಗಿ. ಕೈ ಮುರಿಯುವ ಸಿಟ್ಟು ಅಲ್ಲಿ ಕೆಲಸಕ್ಕೆ ಬರಲಿ. ನಿಮ್ಮ ಖಾತೆಯ ಸುದ್ದಿ ಅವರಿಗೆ ಈಗಲೇ ಹೇಳಬೇಕಿಲ್ಲ.

ಎಲ್ಲಕ್ಕಿಂತ ಮೊದಲು ಕಾಕಾನನ್ನು ಕಂಡು ಮಾತಾಡಿ. ಪರೀಕ್ಷೆಯ ಅರ್ಜಿ ತುಂಬುವ ದಿನ ದಾಟುವುದರೊಳಗೆ ಆ ಹುಡುಗಿ ಕಾಲೇಜಿಗೆ ಮರಳಬೇಕು. ತಪ್ಪು ಮಾಡಿದವರು ಬೇರೆ, ಮನೆಯಲ್ಲಿ ಕೂತವಳು ಇವಳು. ಇದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ.

ಪ್ರಶ್ನೆ: ಪ್ರತಿಯೊಂದು ಖಾತೆಗೂ ಆಧಾರ್ ಜೋಡಿಸಿ, ಅಸಲಿ ಹೆಸರಿಲ್ಲದೆ ಯಾರೂ ಬರೆಯದಂತೆ ಮಾಡಿದರೆ ಈ ಹೊಲಸೆಲ್ಲ ಒಂದೇ ದಿನಕ್ಕೆ ನಿಲ್ಲುವುದಿಲ್ಲವೇ? (ನಿವೃತ್ತ ಶಿಕ್ಷಕರು, ಗೋಕಾಕ)

ಉತ್ತರ: ಗುರುಗಳೇ, ನನಗೂ ಮೊದಲು ಹಾಗೆಯೇ ಅನಿಸಿತ್ತು. ದಕ್ಷಿಣ ಕೊರಿಯಾದವರು ಇದನ್ನು ಮಾಡಿ ನೋಡಿದ್ದಾರೆ. 2007ರಿಂದ ದೊಡ್ಡ ಜಾಲತಾಣಗಳಲ್ಲಿ ಬರೆಯಬೇಕಾದರೆ ಗುರುತು ದೃಢಪಡಿಸುವುದು ಕಡ್ಡಾಯವಾಯಿತು. 2011ರಲ್ಲಿ ಅಲ್ಲಿನ ಒಂದು ಕಂಪನಿಯಿಂದ ಮೂರೂವರೆ ಕೋಟಿ ಜನರ ವಿವರ ಕಳುವಾಯಿತು. ಆ ದೇಶದ ಜನಸಂಖ್ಯೆ ಸುಮಾರು ಐದು ಕೋಟಿ. 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಒಮ್ಮತದಿಂದ ಆ ಕಾನೂನನ್ನು ರದ್ದು ಮಾಡಿತು. ಕೆಟ್ಟ ಮಾತು ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ, ಸಾಮಾನ್ಯರ ಬಾಯಿ ಮಾತ್ರ ಕಟ್ಟಿತ್ತು ಎಂಬುದೇ ಕಾರಣ. ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದೂ ಆಧಾರ್ ಪ್ರಶ್ನಿಸಿದ ಮೊಕದ್ದಮೆಯಲ್ಲೇ. ಅದನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು.

ಅದೂ ಅಲ್ಲದೆ, ನಿಮ್ಮ ಬೀಗರ ವಾಟ್ಸಾಪ್ ಗ್ರೂಪ್ ತೆಗೆದು ನೋಡಿ. ಸುಳ್ಳು ಸುದ್ದಿ, ಪರಧರ್ಮದವರ ಮೇಲಿನ ಬೈಗುಳ ಕಳಿಸುವವರಿಗೆ ಹೆಸರೂ ಇದೆ, ಫೋಟೋನೂ ಇದೆ. ಮುಂಜಾನೆ ದೇವರ ಚಿತ್ರ ಕಳಿಸುವವರೂ ಅವರೇ.

ಪ್ರಶ್ನೆ: ಅಕ್ಕಾ, ನಾನು ಬೆಳಗಾವಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದೇನೆ. ನಾವು ಮೂವರು ಗೆಳೆಯರು ಹೆಸರಿಲ್ಲದ ಪೇಜ್ ನಡೆಸುತ್ತಿದ್ದೆವು. ಒಂದು ಹುಡುಗಿಯ ಬಗ್ಗೆ ಹಾಕಿದ್ದನ್ನು ಬರೆದವನು ನಾನು. ಆಕೆ ಕಾಲೇಜಿಗೆ ಬರುವುದು ಬಿಟ್ಟಳು. ಪೇಜ್ ಅಳಿಸಿಬಿಟ್ಟೆ. ಅಷ್ಟು ಸಾಕೇ?

ಉತ್ತರ: ಸಾಲದು, ತಮ್ಮಾ. ನೀವು ಅಳಿಸಿದ್ದು ಪೇಜ್ ಮಾತ್ರ. ಯಾರು ಯಾರಿಗೆ ಕಳಿಸಿದರೋ ಅವರ ಬಳಿ ಅದು ಇನ್ನೂ ಇದೆ.

ಆಕೆಯ ಮನೆಗೆ ಹೋಗಬೇಡಿ, ಫೋನ್ ಮಾಡಬೇಡಿ; ಅದರಿಂದ ಆಕೆಗೆ ಇನ್ನೊಂದು ಮಾತು ಕೇಳುವುದು ಬರುತ್ತದೆ. ಆಕೆ ನಂಬುವ ಶಿಕ್ಷಕಿಯೊಬ್ಬರ ಕೈಗೆ ಪತ್ರ ಕೊಡಿ. ಬರೆದವನು ನಾನು, ಬರೆದದ್ದು ಸುಳ್ಳು ಎಂದು ಅದರಲ್ಲಿರಲಿ, ಕೆಳಗೆ ನಿಮ್ಮ ಪೂರ್ತಿ ಹೆಸರಿರಲಿ. ಕ್ಷಮಿಸು ಎಂದು ಒತ್ತಾಯ ಮಾಡಬೇಡಿ. ಆಕೆ ಅದನ್ನು ಠಾಣೆಗೆ ಒಯ್ದರೂ ಒಯ್ಯಬಹುದು, ಅದು ಆಕೆಯ ಹಕ್ಕು. ಅದಕ್ಕೆ ಸಿದ್ಧರಾಗಿಯೇ ಬರೆಯಿರಿ, ಮನೆಯ ಹಿರಿಯರಿಗೂ ಒಬ್ಬ ವಕೀಲರಿಗೂ ಮೊದಲೇ ಹೇಳಿರಿ.

ಮೇಲೆ ಹೇಳಿದೆನಲ್ಲ, ನನ್ನ ಮೇಲೆ ಬಂದ ಮೂಗರ್ಜಿ. ಎಡಗೈ ಅಕ್ಷರವಾದರೂ ‘ಳ’ದ ಬಾಲ ಕೆಳಗೆ ಎಳೆಯುವ ರೀತಿ ಯಾರದೆಂದು ನನಗೆ ಅವತ್ತೇ ತಿಳಿದಿತ್ತು. ನನ್ನಿಂದ ಎರಡು ಟೇಬಲ್ಲು ಆಚೆ ಕೂಡುತ್ತಿದ್ದರು. ಒಂದೇ ಕಿಟ್ಲಿಯ ಚಹಾ ಕುಡಿದೆವು, ಒಂಬತ್ತು ವರ್ಷ. ಅವರ ನಿವೃತ್ತಿಯ ದಿನ ನನ್ನ ಹತ್ತಿರ ಬಂದು ನಿಂತು, ‘ಬಾಯಾರ, ಒಂದು ಮಾತು’ ಅಂದರು. ಅಷ್ಟರಲ್ಲಿ ಯಾರೋ ಹಾರ ತಂದರು, ಫೋಟೋಕ್ಕೆ ಕರೆದರು. ಆ ಮಾತು ಕೇಳಬೇಕೆಂದು ಅವರು ತೀರಿಕೊಳ್ಳುವ ತನಕ, ಇನ್ನೂ ಹನ್ನೊಂದು ವರ್ಷ, ನಾನು ಕಾದೆ.