ಕೈಗಳನ್ನು ಎಲ್ಲಿ ಬಚ್ಚಿಟ್ಟಿರಿ?

ನಮಸ್ಕಾರ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ನಾಲ್ಕು ಪುಟ, ಅಂಚಿನಲ್ಲೆಲ್ಲ ಪುಟ್ಟ ಪುಟ್ಟ ಚಿತ್ರಗಳು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗಾಗಿ ಅದರಲ್ಲಿ ಏನಿತ್ತು ಎಂದು ಚಿಕ್ಕದಾಗಿ ಹೇಳಿಬಿಡುತ್ತೇನೆ.

ನೀವು ಇಲಸ್ಟ್ರೇಷನ್ ಕೋರ್ಸಿನ ಕೊನೆಯ ವರ್ಷದಲ್ಲಿದ್ದೀರಿ. 'ಈ ಮೂರು ವರ್ಷಗಳಲ್ಲಿ ನಾನು ಎಷ್ಟು ಬೆಳೆದೆ' ಎಂದು ಒಂದು ಬರಹ ಬರೆದುಕೊಡಬೇಕಿತ್ತು. ಅದಕ್ಕೆಂದು ಹಳೆಯ ಸ್ಕೆಚ್‌ಬುಕ್‌ಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿರಿ. ನೋಡಿದರೆ ಮೊದಲ ವರ್ಷದ ಸೊಟ್ಟ ಗೆರೆಗಳಲ್ಲೇ ಜೀವ ಜಾಸ್ತಿ ಇದ್ದಂತೆ ಕಂಡಿತು. "ಕೈ ಪಳಗಿದೆ, ಚಿತ್ರ ಸತ್ತಿದೆ" ಎಂದು ಬರೆದಿದ್ದೀರಿ. ಆಮೇಲೆ ಮೂರು ಪ್ರಶ್ನೆ ಕೇಳಿದ್ದೀರಿ. ನನ್ನದೇ ಶೈಲಿ ಇನ್ನೂ ಸಿಕ್ಕಿಲ್ಲ, ಅದಿಲ್ಲದೆ ಕೆಲಸ ಕೇಳಬಹುದೇ? ದುಡ್ಡು ಬಂದ ಮೊದಲ ಕೆಲಸದಲ್ಲಿ ಏಳು ಸಲ ತಿದ್ದಿಸಿ, ಕೊನೆಗೆ ಮೊದಲು ಕೊಟ್ಟಿದ್ದನ್ನೇ ಒಪ್ಪಿಕೊಂಡರು, ತಪ್ಪು ಯಾರದು? ಪೋರ್ಟ್‌ಫೋಲಿಯೊ, ಅಂದರೆ ಆಯ್ದ ಚಿತ್ರಗಳ ಕಟ್ಟು, ಕಳಿಸಿದ ಮೂರು ಪತ್ರಿಕೆಗಳಲ್ಲಿ ಒಂದೂ ಉತ್ತರ ಬರೆಯಲಿಲ್ಲ, ಯಾಕೆ?

ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ಹೆಸರು ಎಲ್ಲೋ ಕಂಡಂತೆ ಅನ್ನಿಸಿ ಹಳೆಯ ಮೇಲ್‌ಗಳಲ್ಲಿ ಹುಡುಕಿದೆ. ಸಿಕ್ಕಿತು. ಆ ಮೂರು ಪತ್ರಿಕೆಗಳಲ್ಲಿ ನಮ್ಮದೂ ಒಂದು! ನೀವು ಪತ್ರದಲ್ಲಿ ಅದನ್ನು ಹೇಳಲಿಲ್ಲ. ಸೌಜನ್ಯವೋ, ನಾನೇ ಕಂಡುಕೊಳ್ಳಲಿ ಎಂಬ ತುಂಟತನವೋ, ಗೊತ್ತಿಲ್ಲ. ಮೇಲ್ ಬಂದ ವಾರ ವಿಶೇಷ ಸಂಚಿಕೆಯ ಗಡಿಬಿಡಿ ಇತ್ತು. ಆಮೇಲೆ ನೋಡೋಣ ಎಂದು ಬದಿಗಿಟ್ಟೆ. ಆ 'ಆಮೇಲೆ' ಬರಲೇ ಇಲ್ಲ. ಕ್ಷಮಿಸಿ. ಚಿತ್ರ ಚೆನ್ನಾಗಿಲ್ಲ ಎಂದುಕೊಂಡು ನೀವು ಎಷ್ಟು ರಾತ್ರಿ ಕೊರಗಿದಿರೋ. ಇಲ್ಲಿ ಅದನ್ನು ತೆರೆದು ನೋಡಿದವರೇ ಇರಲಿಲ್ಲ. ಎಷ್ಟೋ ಕಡೆ ಮೌನದ ಹಿಂದೆ ಇರುವುದು ಇಷ್ಟೇ. ತಿಂಗಳು ಬಿಟ್ಟು ಎರಡು ಸಾಲಿನಲ್ಲಿ ನೆನಪಿಸಿದರೆ ಯಾವ ಸಂಪಾದಕನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ತೆರೆದು ನೋಡಿದೆ. ಎರಡು ಸಲ.

ನಲವತ್ತೆರಡು ಚಿತ್ರಗಳಿವೆ. ಅರ್ಧಕ್ಕೂ ಹೆಚ್ಚು ಬರೀ ಮುಖಗಳು. ಎಲ್ಲವೂ ನೇರ ನಮ್ಮನ್ನೇ ನೋಡುತ್ತವೆ, ಇಲ್ಲವೇ ಸ್ವಲ್ಪ ಪಕ್ಕಕ್ಕೆ ತಿರುಗಿವೆ. ಕೂದಲಿನ ಮೇಲೆ ಬೆಳಕು ಬಿದ್ದ ರೀತಿ, ಬಟ್ಟೆಯ ಮಡಿಕೆ, ಬಣ್ಣದ ಹೊಂದಾಣಿಕೆ, ಇದರಲ್ಲೆಲ್ಲ ಹುಳುಕು ಹುಡುಕುವುದು ಕಷ್ಟ. ಆದರೆ ಕೈಗಳೆಲ್ಲಿ? ಒಬ್ಬರು ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ, ಒಬ್ಬರು ಬೆನ್ನ ಹಿಂದೆ. ಒಬ್ಬರದನ್ನು ಹೂವಿನ ಗೊಂಚಲು ಮುಚ್ಚಿದೆ. ಉಳಿದವರದ್ದು ಚೌಕಟ್ಟಿನ ಆಚೆ. ಕೈ ಬರೆಯುವುದು ಕಷ್ಟ ಅಂತ ಎಲ್ಲರಿಗೂ ಗೊತ್ತು, ಪರವಾಗಿಲ್ಲ. ಆದರೆ ಕೈ ಇಲ್ಲದ ಮನುಷ್ಯ ಏನನ್ನೂ ಮಾಡಲಾರ. ಬಾಗಿಲು ತೆರೆಯಲಾರ, ಮಗುವನ್ನು ಎತ್ತಲಾರ, ಪತ್ರ ಹರಿಯಲಾರ. ಕತೆ ಎಂದರೆ ಯಾರೋ ಏನೋ ಮಾಡುವುದು ತಾನೇ? ನಿಮ್ಮ ಜನ ಸುಮ್ನೆ ನಿಂತಿದ್ದಾರೆ, ಫೋಟೋ ತೆಗೆಸಿಕೊಳ್ಳಲು ಬಂದವರ ಹಾಗೆ.

ಕಟುವಾಯಿತೇನೋ. ಆದರೆ ಈ ಮಾತು ಹೇಳಲು ಇನ್ನೊಂದು ಕಾರಣವಿದೆ. ನಿಮ್ಮ ಫೈಲಿನ ಕೊನೆಯಲ್ಲಿ, ಮುಜುಗರಪಟ್ಟುಕೊಂಡು ಸೇರಿಸಿದಂತೆ, ಎರಡು ಪುಟ ಪೆನ್ಸಿಲ್ ಕರಡುಗಳಿವೆ. ಒಂದೊಂದೂ ಬೆಂಕಿಪೊಟ್ಟಣದಷ್ಟು ಚಿಕ್ಕದು. ಅದರಲ್ಲೊಂದು: ಬಸ್ಸು ಹೋಗಿಬಿಟ್ಟಿದೆ, ಒಬ್ಬ ಮುದುಕ ನಿಂತಿದ್ದಾನೆ. ನಮಗೆ ಕಾಣುವುದು ಅವನ ಬೆನ್ನು ಮಾತ್ರ. ಬಸ್ಸು ನಿಲ್ಲಿಸಲು ಎತ್ತಿದ ಕೈ ಇನ್ನೂ ಪೂರ್ತಿ ಇಳಿದಿಲ್ಲ. ಆ ಕೈಗೆ ಬೆರಳೇ ಇಲ್ಲ, ಬರೀ ಒಂದು ಗೀಟು. ಆದರೂ ನನಗೆ ಆ ಮುದುಕನ ಇಡೀ ಮಧ್ಯಾಹ್ನ ಕಂಡಿತು. ಮೊದಲ ವರ್ಷದಲ್ಲಿ ನಿಮಗೆ ಇದು ಆಗುತ್ತಿರಲಿಲ್ಲ. ಬೆನ್ನು ತೋರಿಸಿದರೆ ಸಾಕು, ಮುಖ ಬೇಡ ಎಂದು ತೀರ್ಮಾನಿಸಲು ಧೈರ್ಯ ಬೇಕು. ನೀವು ಬೆಳೆದಿರುವುದು ಇಲ್ಲಿ. ನೆಲದ ಮೇಲೆ ಸ್ಕೆಚ್‌ಬುಕ್ ಹರಡಿಕೊಂಡಾಗ ನೀವು ಗೆರೆಗಳನ್ನಷ್ಟೇ ಹೋಲಿಸಿ ನೋಡಿದಿರಿ. ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂದು ಆರಿಸಿಕೊಂಡದ್ದನ್ನು ಹೋಲಿಸಿ ನೋಡಿಲ್ಲ.

ಅದೇ ಮುದುಕ ಇಪ್ಪತ್ತೊಂಬತ್ತನೆಯ ಪುಟದಲ್ಲಿ ಬಣ್ಣ ತುಂಬಿಕೊಂಡು ಬಂದಿದ್ದಾನೆ. ಕೈ ಕೆಳಗಿಳಿದಿದೆ. ಮುಖ ನಮ್ಮ ಕಡೆ ತಿರುಗಿದೆ. ಏನಾಯಿತು?

ನನ್ನ ಊಹೆ ಹೇಳುತ್ತೇನೆ. ನಾನು ಚಿತ್ರ ಬರೆಯುವವನಲ್ಲ, ಆದರೆ ಬರೆಯುವವರ ಪಕ್ಕದಲ್ಲಿ ಬಹಳ ವರ್ಷ ಕೂತಿದ್ದೇನೆ. ಕರಡು ಮಾಡುವಾಗ ನಿಮ್ಮ ಕಣ್ಣು ಮನಸ್ಸಿನಲ್ಲಿರುವ ಮುದುಕನ ಮೇಲಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಕೆಳಗಿನ ಲೇಯರ್‌ನಲ್ಲಿ (ಪದರದಲ್ಲಿ) ಇಟ್ಟು, ಮೇಲೆ ಶುದ್ಧ ಗೆರೆ ಎಳೆಯುವಾಗ ಕಣ್ಣು ಕೆಳಗಿನ ಗೆರೆಯ ಮೇಲಿರುತ್ತದೆ. ಮುದುಕ ಮರೆತುಹೋಗುತ್ತಾನೆ. ಗೆರೆ ತಪ್ಪಬಾರದು ಎಂಬ ಎಚ್ಚರ ಮಾತ್ರ ಉಳಿಯುತ್ತದೆ. ತಪ್ಪಿದರೆ ಹಿಂದಕ್ಕೆ ಹೋಗುವ ಬಟನ್ ಬೇರೆ ಇದೆಯಲ್ಲ, ಒಂದೇ ಗೆರೆಯನ್ನು ಇಪ್ಪತ್ತು ಸಲ ಎಳೆಯುತ್ತೀರಿ. ಇಪ್ಪತ್ತನೆಯದು ನೀಟಾಗಿರುತ್ತದೆ, ಆದರೆ ಯಾವ ಅವಸರವೂ ಅದರಲ್ಲಿರುವುದಿಲ್ಲ. ನನಗೆ ಗೊತ್ತಿರುವ ಒಬ್ಬ ಹಿರಿಯ ಕಲಾವಿದರು ಕರಡನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದರು, ಕೆಳಗೆ ಇಡುತ್ತಿರಲಿಲ್ಲ. ನೋಡಿಕೊಂಡು ಹೊಸದಾಗಿ ಮೂರು ಸಲ ಬರೆದು, ಮೂರರಲ್ಲಿ ಒಂದನ್ನು ಆರಿಸುತ್ತಿದ್ದರು. ಕಾಗದ ದಂಡ ಅಲ್ವಾ ಎಂದು ಒಮ್ಮೆ ಕೇಳಿದ್ದೆ. ನಕ್ಕರು, ಅಷ್ಟೇ. ನೀವೂ ಒಂದು ತಿಂಗಳು ಹಾಗೆ ಮಾಡಿ ನೋಡಿ. ಟ್ರೇಸ್ ಮಾಡಲೇಬೇಕಾದರೆ ಕರಡನ್ನು ತೀರಾ ಮಸುಕು ಮಾಡಿಕೊಳ್ಳಿ, ಬರೀ ಎಲ್ಲಿ ಏನಿದೆ ಎಂದು ಗೊತ್ತಾಗುವಷ್ಟು.

ಇನ್ನು ಶೈಲಿ. ಈ ಪದ ಕೇಳಿದರೇ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ನಿಮ್ಮ ಕೈಬರಹ ನಿಮಗೆ ಹೇಗೆ ಸಿಕ್ಕಿತು? ಹುಡುಕಲು ಹೋಗಿದ್ದಿರಾ? ಹೇಳಬೇಕಾದ್ದನ್ನು ಬೇಗ ಬರೆಯುತ್ತ ಹೋದಿರಿ, ಅಕ್ಷರ ತಾನಾಗಿ ಒಂದು ರೂಪಕ್ಕೆ ಬಂತು. ಹೊಕುಸಾಯ್ ಕತೆಯನ್ನು ನಿಮಗೆ ಯಾರಾದರೂ ಹೇಳಿರುತ್ತಾರೆ. ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ. ಆ ಜಪಾನಿ ಕಲಾವಿದ 1834ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಎಪ್ಪತ್ತಕ್ಕೆ ಮುಂಚೆ ತಾನು ಬರೆದದ್ದು ಯಾವುದೂ ಲೆಕ್ಕಕ್ಕಿಲ್ಲ ಎಂದು ಬರೆದುಕೊಂಡ. ತಾಳ್ಮೆ ಬೇಕು ಎನ್ನಲು ಇದನ್ನು ಬಳಸುತ್ತಾರೆ. ನನಗೆ ಅದರ ಮುಂದಿನ ಮಾತು ಹೆಚ್ಚು ಇಷ್ಟ. ಎಪ್ಪತ್ಮೂರಕ್ಕೆ ತನಗೆ ಪ್ರಾಣಿ, ಪಕ್ಷಿ, ಹುಳು, ಮೀನುಗಳ ಮೈಕಟ್ಟು ಸ್ವಲ್ಪ ಅರ್ಥವಾಯಿತು ಎನ್ನುತ್ತಾನೆ. ಶೈಲಿ ಸಿಕ್ಕಿತು ಎನ್ನುವುದಿಲ್ಲ! ಹುಳುವಿನ ಕಾಲು ಎಲ್ಲಿ ಬಾಗುತ್ತದೆ ಎಂದು ತಿಳಿಯಿತು, ಅದು ಅವನಿಗೆ ಬೆಳವಣಿಗೆ.

ಬೇರೆಯವರದನ್ನು ನಕಲು ಮಾಡಿದರೆ ಸ್ವಂತಿಕೆ ಹೋಗುತ್ತದಾ ಎಂದು ಅಂಚಿನಲ್ಲಿ ಕೇಳಿದ್ದೀರಿ. ಕಲಿಯಲು ಮಾಡಿದರೆ ಹೋಗುವುದಿಲ್ಲ. ವ್ಯಾನ್ ಗೋ 27ನೆಯ ವಯಸ್ಸಿನಲ್ಲಿ, 1880ರಲ್ಲಿ, ಕಲಾವಿದನಾಗುತ್ತೇನೆ ಎಂದು ನಿರ್ಧರಿಸಿದಾಗ ಮಾಡಿದ ಮೊದಲ ಕೆಲಸಗಳಲ್ಲಿ ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳ ನಕಲೂ ಒಂದು. ಹತ್ತು ವರ್ಷದ ನಂತರವೂ ಮಿಲೆಯನ್ನು ಬಿಟ್ಟಿರಲಿಲ್ಲ. ನಕಲನ್ನು ನಿಮ್ಮದೆಂದು ತೋರಿಸಬೇಡಿ, ಪೋರ್ಟ್‌ಫೋಲಿಯೊದಲ್ಲಿ ಇಡಬೇಡಿ. ಅಷ್ಟು ಸಾಕು.

ಏಳು ತಿದ್ದುಪಡಿಯ ವಿಷಯಕ್ಕೆ ಬರುತ್ತೇನೆ. ತಪ್ಪು ಹೆಚ್ಚಾಗಿ ಕೆಲಸ ಕೊಟ್ಟವರದ್ದು. ನಮ್ಮ ಸಂಪಾದಕ ಜಾತಿಯವರ ಮೇಲೆ ನಾನೇ ಚಾಡಿ ಹೇಳುತ್ತಿದ್ದೇನೆ, ಆದರೂ ನಿಜ. "ಇನ್ನೂ ಸ್ವಲ್ಪ ಜೀವ ಬೇಕು" ಎಂದು ಬರೆದು ಕಳಿಸುವುದು ನಮಗೆ ಸುಲಭ. ಅದರ ಅರ್ಥ ಏನೆಂದು ನಮಗೇ ಗೊತ್ತಿರುವುದಿಲ್ಲ. ಅಂಥ ಮಾತು ಬಂದರೆ ಕೆಲಸಕ್ಕೆ ಕೂರಬೇಡಿ, ವಾಪಸ್ ಪ್ರಶ್ನೆ ಕೇಳಿ. ಯಾವ ಜಾಗದಲ್ಲಿ? ಯಾವ ಸಾಲನ್ನು ಓದಿದಾಗ ಹಾಗನ್ನಿಸಿತು? ಉತ್ತರ ಬರದಿದ್ದರೆ ಚಿತ್ರದಲ್ಲಿ ತೊಂದರೆ ಇಲ್ಲ ಎಂದುಕೊಳ್ಳಿ. ಶುರುವಿನಲ್ಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಕರಡಿನಲ್ಲಿ ಎರಡು ಸಲ ತಿದ್ದುಪಡಿ, ಬಣ್ಣ ತುಂಬಿದ ಮೇಲೆ ಒಂದು ಸಲ, ಅದರಾಚೆ ಪ್ರತಿ ಸಲಕ್ಕೂ ಬೇರೆ ದುಡ್ಡು. ಕೆಲಸ ಮಧ್ಯದಲ್ಲಿ ನಿಂತರೆ ಎಷ್ಟು ಕೊಡಬೇಕು ಎಂಬುದೂ ಅದರಲ್ಲಿರಲಿ. ಚಿತ್ರವನ್ನು ಒಂದು ಸಂಚಿಕೆಯಲ್ಲಿ ಬಳಸಲು ಕೊಡುತ್ತಿದ್ದೀರೋ, ಹಕ್ಕನ್ನೇ ಬರೆದುಕೊಡುತ್ತಿದ್ದೀರೋ ನೋಡಿಕೊಂಡು ಸಹಿ ಹಾಕಿ. ಇವೆರಡಕ್ಕೂ ಆಕಾಶ ಭೂಮಿಯಷ್ಟು ವ್ಯತ್ಯಾಸ.

ನಿಮ್ಮ ಪಾಲಿನ ತಪ್ಪೂ ಸ್ವಲ್ಪ ಇದೆ. ಆ ಏಳು ಸಲವೂ ನೀವು ಪೂರ್ತಿ ಮುಗಿಸಿದ ಚಿತ್ರವನ್ನೇ ಕಳಿಸಿದ್ದೀರಿ. ಬಣ್ಣ ತುಂಬಿದ್ದನ್ನು ನೋಡಿದರೆ ಯಾರೇ ಆದರೂ ಬಣ್ಣದ ಬಗ್ಗೆಯೇ ಮಾತಾಡುತ್ತಾರೆ. ಬೆಂಕಿಪೊಟ್ಟಣದಷ್ಟು ಕರಡು ಮೂರು ಕಳಿಸಿದ್ದರೆ ಚರ್ಚೆ ಕತೆಯ ಬಗ್ಗೆ ಆಗುತ್ತಿತ್ತು.

ಚಿತ್ರಕಾರರು ಕತೆ ಬರೆದವರ ಜತೆ ಹೀಗೆ ಮಾತಾಡಬಹುದಾ ಎಂಬ ಅಳುಕು ಬೇಡ. 'ಆಲಿಸ್ ಇನ್ ವಂಡರ್‌ಲ್ಯಾಂಡ್' ಮತ್ತು ಅದರ ಮುಂದಿನ ಪುಸ್ತಕಕ್ಕೆ ಚಿತ್ರ ಬರೆದ ಜಾನ್ ಟೆನಿಯಲ್ 1870ರಲ್ಲಿ ಲೇಖಕ ಲೂಯಿಸ್ ಕ್ಯಾರಲ್‌ಗೆ ಒಂದು ಪತ್ರ ಬರೆದ. ಎರಡನೆಯ ಪುಸ್ತಕದ ಕರಡು ಓದಿದ ಮೇಲೆ ಬರೆದದ್ದು. ರೈಲಿನ ದೃಶ್ಯದಲ್ಲಿ ಆಲಿಸ್ ಗಾಬರಿಯಾಗಿ ಪಕ್ಕದ ಮುದುಕಿಯ ಕೂದಲು ಹಿಡಿಯುತ್ತಾಳೆ ಎಂದಿತ್ತು. ಕೈಗೆ ಹತ್ತಿರ ಇರುವುದು ಅದೇ ಡಬ್ಬಿಯಲ್ಲಿ ಕೂತ ಮೇಕೆಯ ಗಡ್ಡ, ಅದನ್ನೇ ಹಿಡಿಯಲಿ ಎಂದ ಟೆನಿಯಲ್. ಕಣಜದ ಹುಳು ಬರುವ ಭಾಗ ತನಗೆ ಸ್ವಲ್ಪವೂ ರುಚಿಸಲಿಲ್ಲ, ಅದಕ್ಕೆ ಚಿತ್ರ ಹೊಳೆಯುತ್ತಿಲ್ಲ ಎಂದೂ ಹೇಳಿದ. ಮರುವರ್ಷ ಪುಸ್ತಕ ಬಂದಾಗ ಆಲಿಸ್ ಹಿಡಿದದ್ದು ಮೇಕೆಯ ಗಡ್ಡವನ್ನು. ಕಣಜದ ಹುಳು ಪುಸ್ತಕದಲ್ಲೇ ಇರಲಿಲ್ಲ. ನೋಡಿ, ಅಲ್ಲೂ ಮಾತು ಬಂದದ್ದು ಕೈಯ ಬಗ್ಗೆಯೇ. ಆ ಕ್ಷಣದಲ್ಲಿ ಆ ಹುಡುಗಿಯ ಕೈ ಎಲ್ಲಿಗೆ ಹೋಗುತ್ತದೆ ಎಂದು ಬರೆದವನಿಗಿಂತ ಚಿತ್ರಕಾರ ಚೆನ್ನಾಗಿ ಓದಿದ್ದ.

ಸಂಪಾದಕನಾಗಿ ನಾನು ಹುಡುಕುವುದು ಇಂಥ ಓದನ್ನು. ನೀಟಾದ ಗೆರೆ ಎಳೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ನೀವು ಹತ್ತು ಸಲ ಮುಖ ಬರೆಯುವ ಹೊತ್ತಿನಲ್ಲಿ ಕತೆಯನ್ನು ಮೂರು ಸಲ ಓದಿ. ಮೂರನೆಯ ಸಲ ಪೆನ್ಸಿಲ್ ಹಿಡಿದು, ಯಾರ ಕೈ ಏನು ಮಾಡುತ್ತಿದೆ ಎಂದು ಮಾತ್ರ ಗುರುತು ಹಾಕಿಕೊಳ್ಳಿ. ಪೋರ್ಟ್‌ಫೋಲಿಯೊದಲ್ಲಿ ನಲವತ್ತೆರಡರ ಬದಲು ಹದಿನೈದು ಸಾಕು. ಅದರಲ್ಲಿ ನಾಲ್ಕೈದು ಒಂದೇ ಕತೆಗೆ ಬರೆದ ಸರಣಿಯಾಗಿರಲಿ. ಮೊದಲ ಚಿತ್ರದಲ್ಲಿದ್ದ ಹುಡುಗಿ ಐದನೆಯದರಲ್ಲೂ ಅದೇ ಹುಡುಗಿಯಂತೆ ಕಾಣಬೇಕು, ಅದನ್ನು ನಾವು ತಪ್ಪದೆ ನೋಡುತ್ತೇವೆ. ಆ ಕರಡುಗಳ ಎರಡು ಪುಟವನ್ನು ಕೊನೆಯಿಂದ ತೆಗೆದು ಮುಂದಕ್ಕೆ ತನ್ನಿ.

ಮುದ್ರಣದ ಕೆಲಸವನ್ನೂ ಸ್ವಲ್ಪ ತಿಳಿದುಕೊಳ್ಳಿ, ಕಾಲೇಜಿನಲ್ಲಿ ಹೇಳದಿದ್ದರೂ. ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಒಮ್ಮೆ ಎರಡು ಪುಟಕ್ಕೆ ಹರಡಿದ ಚಿತ್ರ ಬೇಕೆಂದು ಕೇಳಿದ್ದೆ. ನಡುವೆ ಬೈಂಡಿಂಗ್ ಬರುತ್ತದೆ, ಅಲ್ಲಿ ಮುಖ್ಯವಾದದ್ದೇನೂ ಇರಬಾರದು ಎಂದು ಹೇಳಲು ಮರೆತೆ. ಕಲಾವಿದೆ ಅಜ್ಜಿಯನ್ನು ನಟ್ಟನಡುವೆ ಕೂರಿಸಿದ್ದರು. ಸಂಚಿಕೆ ಬಂದಾಗ ಅಜ್ಜಿಗೆ ಮೂಗೇ ಇಲ್ಲ, ಪಿನ್ನಿನ ಸಂದಿಯಲ್ಲಿ ಮಾಯ. ಆ ಕಲಾವಿದೆ ಆರು ತಿಂಗಳು ನನ್ನ ಜತೆ ಮಾತಾಡಲಿಲ್ಲ. ಸಂಪಾದಕ ಮರೆತರೂ ನೀವು ಕೇಳಬೇಕಾದ್ದು ಇಷ್ಟು: ಪುಟದ ಅಳತೆ, ಮಡಿಕೆ ಎಲ್ಲಿ ಬರುತ್ತದೆ, ಶೀರ್ಷಿಕೆಗೆ ಎಷ್ಟು ಜಾಗ ಬಿಡಬೇಕು, ಬಣ್ಣವೋ ಕಪ್ಪುಬಿಳುಪೋ. ಪರದೆಯ ಮೇಲೆ ಹೊಳೆಯುವ ಆ ನಿಮ್ಮ ನೀಲಿ ಕಾಗದದ ಮೇಲೆ ಹಾಗೆ ಬರುವುದಿಲ್ಲ. ಬಣ್ಣದ ಮುದ್ರಣಕ್ಕೆ ಬಳಸುವ ನಾಲ್ಕು ಶಾಯಿಗಳಿಗೆ ಆ ಶಕ್ತಿ ಇಲ್ಲ. ಒಂದು ಪ್ರಿಂಟ್ ತೆಗೆದು ನೋಡಿದರೆ ಗೊತ್ತಾಗುತ್ತದೆ.

ಆ ಬರಹಕ್ಕೆ ಏನು ಬರೆಯಬೇಕು ಎಂದು ನಾನು ಹೇಳಲಾರೆ, ಅದು ನಿಮ್ಮದು. ಆದರೆ ಆ ಮುದುಕನ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಅಂಟಿಸಿ, ನಡುವೆ ಏನು ಕಳೆದುಹೋಯಿತು ಎಂದು ಬರೆದರೆ ನಾನಂತೂ ಕುತೂಹಲದಿಂದ ಓದುತ್ತೇನೆ.

ಈ ಪತ್ರದ ಜತೆ ಒಂದು ಕತೆ ಇಟ್ಟಿದ್ದೇನೆ, ಇನ್ನೆರಡು ತಿಂಗಳ ನಂತರದ ಸಂಚಿಕೆಗೆ. ಮೂರು ಕರಡು ಬೇಕು, ಬೆಂಕಿಪೊಟ್ಟಣದ ಅಳತೆಯಲ್ಲಿ, ಪೆನ್ಸಿಲ್ ಸಾಕು. ಒಪ್ಪಿಗೆಯಾದರೆ ಒಂದು ಪುಟದ ಚಿತ್ರ. ಅಳತೆ ಎ4, 300 ಡಿಪಿಐ (ಇಂಚಿಗೆ 300 ಚುಕ್ಕಿ), ಕತ್ತರಿಸುವಾಗ ಬಿಳಿ ಅಂಚು ಕಾಣದಂತೆ ಸುತ್ತ 3 ಮಿ.ಮೀ. ಜಾಸ್ತಿ. ಅಚ್ಚಾಗದಿದ್ದರೂ ಕರಡಿನ ಸಂಭಾವನೆ ಬರುತ್ತದೆ, ಅದನ್ನು ಒಪ್ಪಂದದಲ್ಲಿ ಬರೆದಿದ್ದೇನೆ. ತಿದ್ದುಪಡಿ ಎರಡೇ ಸಲ, ಅದನ್ನೂ ಬರೆದಿದ್ದೇನೆ.

ಕತೆಯಲ್ಲಿ ಒಬ್ಬಾಕೆ ಮಗನ ಎದುರು ಕೂತು, ಅವನ ಮುಖ ನೋಡದೆ, ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿರುತ್ತಾಳೆ. ಅವಳ ಸೀರೆಗೆ ಜೇಬಿಲ್ಲ.

ವಿಶ್ವಾಸದಿಂದ,
ಸಂಪಾದಕ