ಹತ್ತಿರದ ಐದು ಜಾಗ ಹುಡುಕೋ ಕ್ವೆರಿ ಇಂಡೆಕ್ಸ್ ಇದ್ರೂ ಯಾಕೆ ಸ್ಲೋ?

ನೀವು ಕೇಳಿರೋದು ಇಷ್ಟು: ಪೋಸ್ಟ್‌ಜಿಐಎಸ್ (ಪೋಸ್ಟ್‌ಗ್ರೆಸ್ ಡೇಟಾಬೇಸಲ್ಲಿ ನಕ್ಷೆಯ ಜಾಗಗಳನ್ನ ಇಡೋ ಎಕ್ಸ್‌ಟೆನ್ಷನ್) ಟೇಬಲ್ಲಲ್ಲಿ ಎಂಟು ಲಕ್ಷ ಜಾಗ ಇದೆ, ಅಂಗಡಿ, ಪೆಟ್ರೋಲ್ ಬಂಕು, ಎಟಿಎಂ ಎಲ್ಲಾ ಸೇರಿ, ಯೂಸರ್ ನಿಂತಿರೋ ಕಡೆಯಿಂದ ಹತ್ತಿರದ ಐದು ಬೇಕು, ಜಾಗ ಬೇಗ ಹುಡುಕೋಕೆ ಜಿಸ್ಟ್ ಇಂಡೆಕ್ಸೂ ಹಾಕಿದೀರ, ಆದ್ರೂ ಸೆಕೆಂಡುಗಟ್ಟಲೆ ಎಳೀತಿದೆ.

ಇಂಡೆಕ್ಸ್ ಇರೋದು ನಿಜ, ಆದ್ರೆ ನಿಮ್ಮ ಕ್ವೆರಿ ಅದನ್ನ ಮುಟ್ಟೋದೇ ಇಲ್ಲ. ಆರ್ಡರ್ ಬೈ ಪಕ್ಕ ಎಸ್‌ಟಿ_ಡಿಸ್ಟನ್ಸ್ ಬರೆದಿದೀರಲ್ಲ, ಅದು ಎಂಟು ಲಕ್ಷಕ್ಕೂ ಒಂದೊಂದಾಗಿ ದೂರ ಲೆಕ್ಕ ಹಾಕಿ, ಸಾರ್ಟ್ ಮಾಡಿ, ಐದು ಇಟ್ಕೊಂಡು ಮಿಕ್ಕಿದ್ದೆಲ್ಲಾ ಬಿಸಾಕುತ್ತೆ. ಕ್ವೆರಿ ಹೇಗೆ ಓಡ್ತು ಅನ್ನೋ ಪ್ಲಾನ್ ತೋರಿಸೋ ಎಕ್ಸ್‌ಪ್ಲೇನ್ ಅನಲೈಜ್ ಹಾಕಿ ನೋಡಿ, ಸೀಕ್ ಸ್ಕ್ಯಾನ್ (ಇಡೀ ಟೇಬಲ್ ಓದೋದು) ಅಂತ ಬರುತ್ತೆ, ಅದರ ಮೇಲೆ ಸಾರ್ಟ್. ಆ ಎಸ್‌ಟಿ_ಡಿಸ್ಟನ್ಸ್ ತೆಗೆದು, ಇಂಡೆಕ್ಸ್ ಬಳಸಿ ಹತ್ತಿರದ್ದು ಹುಡುಕೋ <-> ಆಪರೇಟರ್ ಹಾಕಿ, ಕೊನೇಲಿ ಲಿಮಿಟ್ 5 ಇರ್ಲಿ. ಈಗ ಇಂಡೆಕ್ಸ್ ಸ್ಕ್ಯಾನ್ ಅಂತ ಬರ್ಬೇಕು, ಅದರ ಕೆಳಗೇ ಆರ್ಡರ್ ಬೈ ಅನ್ನೋ ಸಾಲು.

ಒಳಗೆ ನಡೆಯೋದು ಏನಂದ್ರೆ, ಇಂಡೆಕ್ಸಲ್ಲಿ ಇರೋದು ಆರ್-ಟ್ರೀ, 1984ರಲ್ಲಿ ಗಟ್‌ಮನ್ ಕೊಟ್ಟ ಐಡಿಯಾ: ಹತ್ತಿರ ಹತ್ತಿರದ ಜಾಗಗಳನ್ನ ಒಂದು ಚೌಕಕ್ಕೆ ಹಾಕು, ಆ ಚೌಕಗಳನ್ನ ಇನ್ನೂ ದೊಡ್ಡ ಚೌಕಕ್ಕೆ ಹಾಕು. ಹುಡುಕುವಾಗ ಒಂದು ಪ್ರಯಾರಿಟಿ ಕ್ಯೂ (ಹತ್ತಿರದ್ದು ಯಾವಾಗ್ಲೂ ಮುಂದೆ ನಿಲ್ಲೋ ಸಾಲು) ಇಟ್ಕೊಂಡು, ಯಾವ ಚೌಕದ ಅಂಚು ನಮಗೆ ಎಲ್ಲಕ್ಕಿಂತ ಹತ್ತಿರ ಇದೆಯೋ ಅದನ್ನೇ ಮೊದಲು ಬಿಚ್ಚೋದು, ಒಳಗಿದ್ದದ್ದನ್ನ ಮತ್ತೆ ಕ್ಯೂಗೇ ಹಾಕೋದು. ಕ್ಯೂ ತಲೇಲಿ ಚೌಕದ ಬದಲು ಜಾಗವೇ ಬಂತು ಅಂದ್ರೆ ಅದಕ್ಕಿಂತ ಹತ್ತಿರದ್ದು ಬೇರೆ ಇರೋಕೆ ಸಾಧ್ಯನೇ ಇಲ್ಲ, ಕೊಟ್ಬಿಡಬಹುದು. ಐದು ಸಿಕ್ಕಿದ ಕೂಡ್ಲೇ ನಿಲ್ಲುತ್ತೆ, ದೂರದ ಚೌಕಗಳನ್ನ ತೆರೆದೂ ನೋಡಲ್ಲ. ಲಿಮಿಟ್ ಬೇಕೇ ಬೇಕು ಅಂದಿದ್ದು ಅದಕ್ಕೇ.

ಇನ್ನು ನಿಜವಾದ ತಲೆನೋವು ಫಿಲ್ಟರ್. "ಬ್ಲಡ್ ಬ್ಯಾಂಕ್ ಮಾತ್ರ" ಅಂತ ವೇರ್ ಹಾಕಿದ್ರೆ ಇಂಡೆಕ್ಸ್ ಹತ್ತಿರದಿಂದ ಒಂದೊಂದೇ ಜಾಗ ಕೊಡ್ತಾ ಹೋಗುತ್ತೆ, ಟೀ ಅಂಗಡಿ, ಮೊಬೈಲ್ ಅಂಗಡಿ, ಮತ್ತೆ ಟೀ ಅಂಗಡಿ, ಎಲ್ಲಾ ತಳ್ಳಿ ತಳ್ಳಿ ಐದು ಬ್ಲಡ್ ಬ್ಯಾಂಕ್ ಸಿಗೋವರೆಗೂ ಓಡ್ಬೇಕು, ಅದು ಅರ್ಧ ಜಿಲ್ಲೆ ದಾಟಿದ್ರೂ ದಾಟಬಹುದು. ಪ್ಲಾನ್‌ನಲ್ಲಿ ರೋಸ್ ರಿಮೂವ್ಡ್ ಬೈ ಫಿಲ್ಟರ್ ಅನ್ನೋ ನಂಬರ್ ದೊಡ್ಡದಾಗಿದ್ರೆ ಇದೇ ಕಾಯಿಲೆ. ಅಪರೂಪದ ಕೆಟಗರಿಗೆ ಪಾರ್ಷಿಯಲ್ ಇಂಡೆಕ್ಸ್ (ಆ ಕೆಟಗರಿಯ ಸಾಲುಗಳಿಗೆ ಮಾತ್ರ ಇರೋದು) ಹಾಕಿ. ಕೆಟಗರಿ ತುಂಬಾ ಇದ್ರೆ ಬಿಟ್ರೀ_ಜಿಸ್ಟ್ ಎಕ್ಸ್‌ಟೆನ್ಷನ್ ಹಾಕ್ಕೊಂಡು ಕೆಟಗರಿ ಮತ್ತೆ ಜಾಗ ಎರಡೂ ಸೇರಿಸಿ ಒಂದೇ ಇಂಡೆಕ್ಸ್ ಮಾಡಿ.

ಪ್ರತಿ ಶಾಲೆಗೂ ಹತ್ತಿರದ ಬಸ್ ಸ್ಟಾಪ್ ಅಂತ ಎರಡು ಟೇಬಲ್ ಜೋಡಿಸೋ ಕೆಲಸ ಬಂದ್ರೆ ಒಂದೊಂದು ಶಾಲೆಗೂ ಒಳಗಿನ ಕ್ವೆರಿಯನ್ನ ಬೇರೆ ಬೇರೆಯಾಗಿ ಓಡಿಸೋ ಕ್ರಾಸ್ ಜಾಯಿನ್ ಲ್ಯಾಟರಲ್ ಬಳಸಿ, ಮಾಮೂಲಿ ಜಾಯಿನ್‌ಗೆ ಇಂಡೆಕ್ಸ್ ಕೈ ಕೊಡುತ್ತೆ.

ನಿಮ್ಮ ಕಾಲಮ್ 4326 ಜಿಯಾಮೆಟ್ರಿ (ಅಕ್ಷಾಂಶ-ರೇಖಾಂಶದ ಡಿಗ್ರಿಗಳನ್ನ ಸಪಾಟು ನಕ್ಷೆ ಥರ ನೋಡೋ ಟೈಪ್) ಅಂದ್ರಿ, ಹಾಗಿದ್ರೆ ಬರೋ ದೂರ ಡಿಗ್ರೀಲಿ, ಮೀಟರಲ್ಲಲ್ಲ. ಬೆಂಗಳೂರಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿ.ಮೀ., ಅಕ್ಷಾಂಶ 110ರ ಮೇಲೆ, ಹಾಗಾಗಿ ಹತ್ತಿರ-ದೂರದ ಕ್ರಮ ಅಷ್ಟಾಗಿ ಕೆಡಲ್ಲ. ಲಂಡನ್ ಡೇಟಾ ಆಗಿದ್ರೆ ರೇಖಾಂಶದ ಡಿಗ್ರಿ 70 ಕಿ.ಮೀ. ಆಸುಪಾಸು, ಲಿಸ್ಟೇ ಉಲ್ಟಾ ಆಗ್ಬಹುದು. ಆದ್ರೆ ಇಲ್ಲೂ ಐದು ಕಿ.ಮೀ. ಅಂದ್ಕೊಂಡು ಇಷ್ಟು ದೂರದೊಳಗೆ ಇದೆಯಾ ಅಂತ ನೋಡೋ ಎಸ್‌ಟಿ_ಡಿವಿದಿನ್‌ಗೆ 5000 ಕೊಟ್ರೆ ಅದು 5000 ಡಿಗ್ರಿ ಸ್ವಾಮಿ, ಇಡೀ ಭೂಮಿ ಒಳಗೆ ಬಂತು! ಮೀಟರಲ್ಲಿ ಲೆಕ್ಕ ಹಾಕೋ ಜಿಯಾಗ್ರಫಿ ಟೈಪ್ ಮಾಡ್ಕೊಳ್ಳಿ, ಸ್ವಲ್ಪ ನಿಧಾನ ಆದ್ರೂ ಪರವಾಗಿಲ್ಲ.

ಇದೆಲ್ಲಾ ನೇರ ಗೆರೆ ಎಳೆದ ದೂರ ಅಷ್ಟೇ. ತುಂಗಭದ್ರೆ ಆಚೆ ದಡದ ಬಂಕ್ ಗೆರೇಲಿ ಅರ್ಧ ಕಿ.ಮೀ. ಇರುತ್ತೆ, ಸೇತುವೆ ಎಲ್ಲೋ ಇರುತ್ತೆ. ಅದಕ್ಕೆ <-> ಇಂದ ಒಂದು 20 ಜಾಗ ಎತ್ಕೊಂಡು, ಅಷ್ಟಕ್ಕೆ ಮಾತ್ರ ಪಿಜಿರೌಟಿಂಗ್‌ನಲ್ಲಿ ರಸ್ತೆ ದೂರ ಲೆಕ್ಕ ಹಾಕಿ ಐದು ಆರಿಸಿ. ನದಿ ಪಕ್ಕದ ಊರುಗಳಿಗೆ 20 ಸಾಲದೇ ಹೋದ್ರೆ 50 ತಗೊಳ್ಳಿ, ಡೇಟಾಬೇಸ್‌ಗೆ ಅದೇನು ಭಾರ ಅಲ್ಲ.