ಮಗು ಬಂದ್ಮೇಲೆ ಹಳೇ ವಿಲ್ ಸಾಕಾ? ಡಲ್ಲಾಸ್‌ನಿಂದ ಒಂದು ಉತ್ತರ

ಅಕ್ಕಾ ಅಂತ ಕರೆದಿದ್ದೀಯಲ್ಲಮ್ಮಾ, ಅದಕ್ಕೇ ಏಕವಚನದಲ್ಲೇ ಬರೀತಿದ್ದೀನಿ. ನಿನ್ನ ಪತ್ರದಲ್ಲಿ, ಮದುವೆಗೆ ಮುಂಚೆ ನ್ಯೂಜೆರ್ಸಿಯಲ್ಲಿದ್ದಾಗ ಅಪ್ಪ ಅಮ್ಮನ ಹೆಸರಿಗೆ ಒಂದು ಆನ್‌ಲೈನ್ ವಿಲ್ ಮಾಡಿಟ್ಟಿದ್ದೆ, ಈಗ ಮದುವೆ ಆಯ್ತು, ಡಲ್ಲಾಸ್‌ಗೆ ಬಂದ್ವಿ, ಮಗೂಗೆ ಎರಡು ತಿಂಗಳು, ಮೈಸೂರಲ್ಲಿ ಅಪ್ಪ ನನ್ನ ಹೆಸರಿಗೆ ಸೈಟ್ ಬೇರೆ ಮಾಡಿಕೊಟ್ರು, ಹಳೇ ವಿಲ್ ಸಾಕಾ ಅಂತ ಕೇಳಿದ್ದೀಯ. ಸಾಲಲ್ಲ. ಮದುವೆ ಆಯ್ತು ಅಂತ ಟೆಕ್ಸಸ್‌ನಲ್ಲಿ ಹಳೇ ವಿಲ್ ತಾನಾಗೇ ರದ್ದಾಗಲ್ಲ, ಅದು ಹಾಗೇ ಕೂತಿರುತ್ತೆ, ಗಂಡನ ಹೆಸರೂ ಇಲ್ಲ ಮಗುವಿನ ಹೆಸರೂ ಇಲ್ಲ.

ಆದ್ರೆ ವಿಲ್‌ಗಿಂತ ಮುಂಚೆ ಒಂದು ಕೆಲಸ ಇದೆ. ಇವತ್ತು ಮಗು ಮಲಗಿದ್ಮೇಲೆ ಲಾಗಿನ್ ಆಗಿ 401ಕೆ (ಆಫೀಸಿನ ನಿವೃತ್ತಿ ಖಾತೆ), ಐಆರ್‌ಎ (ನಾವೇ ತೆರೆಯೋ ನಿವೃತ್ತಿ ಖಾತೆ), ಆಫೀಸಿನ ಲೈಫ್ ಇನ್ಶೂರೆನ್ಸ್, ಮೂರರಲ್ಲೂ ಬೆನಿಫಿಶಿಯರಿ, ಅಂದ್ರೆ ನಮ್ಮ ನಂತರ ದುಡ್ಡು ಪಡೆಯೋರು, ಯಾರು ಅಂತ ನೋಡು. ಈ ದುಡ್ಡು ವಿಲ್ ಪ್ರಕಾರ ಹೋಗಲ್ಲ, ಆ ಫಾರ್ಮಲ್ಲಿ ಯಾರ ಹೆಸರಿದ್ಯೋ ಅವ್ರಿಗೇ ಹೋಗುತ್ತೆ. ನಾನು ಮೊದಲನೇ ಕೆಲಸಕ್ಕೆ ಸೇರಿದ ದಿನ ಅಮ್ಮನ ಹೆಸರು ಬರೆದಿದ್ದೆ, ಆಮೇಲೆ ಮದುವೆ, ಎರಡು ಮಕ್ಕಳು, ಮನೆ ಲೋನು, ಅದರ ಕಡೆ ತಿರುಗಿ ನೋಡೇ ಇಲ್ಲ. ಒಂದಿನ ಏನೋ ಅಡ್ರೆಸ್ ಬದಲಾಯಿಸೋಣ ಅಂತ ಹೋದ್ರೆ ಸ್ಕ್ರೀನ್ ಮೇಲೆ ಅಮ್ಮನ ಹೆಸರು, ಪಕ್ಕದಲ್ಲಿ 100%. ಅಮ್ಮ ತೀರಿಕೊಂಡು ಆಗ್ಲೇ ಎರಡು ವರ್ಷ ಆಗಿತ್ತು. ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ ಕಣೇ, ಅಳಿಸೋಕೆ ಕೈನೇ ಬರ್ಲಿಲ್ಲ. 401ಕೆ ಆದ್ರೆ ಸಾಮಾನ್ಯವಾಗಿ ಮದುವೆ ಆದ್ಮೇಲೆ ಫೆಡರಲ್ ಕಾನೂನೇ ಗಂಡ ಅಥವಾ ಹೆಂಡ್ತಿಗೆ ಕೊಡ್ಸುತ್ತೆ, ಬೇರೆಯವ್ರಿಗೆ ಕೊಡ್ಬೇಕಂದ್ರೆ ಅವ್ರೇ ಒಪ್ಪಿ ಬರ್ಕೊಡ್ಬೇಕು, ಇನ್ಶೂರೆನ್ಸ್‌ಗೆ ಆ ರಕ್ಷಣೆ ಇಲ್ಲ. ಡೈವೋರ್ಸ್ ಆದೋರಿಗಂತೂ ಇನ್ನೂ ಕಷ್ಟ, 2001ರಲ್ಲಿ ಎಗೆಲ್‌ಹಾಫ್ ಅನ್ನೋ ಕೇಸಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಆಫೀಸಿನ ಪ್ಲಾನ್ ದುಡ್ಡು ಫಾರ್ಮಲ್ಲಿ ಉಳಿದುಹೋಗಿದ್ದ ಮಾಜಿ ಹೆಂಡ್ತಿಗೇ ಅಂತ ಹೇಳ್ತು, ರಾಜ್ಯದ ಕಾನೂನು ಬೇರೆ ಹೇಳ್ತಿದ್ರೂ. ಎರಡನೇ ಹೆಸರಾಗಿ ಮಗುವನ್ನ ನೇರವಾಗಿ ಹಾಕ್ಬೇಡ, ಅಷ್ಟು ಚಿಕ್ಕ ಮಗು ಕೈಗೆ ಕಂಪನಿ ದುಡ್ಡು ಕೊಡಲ್ಲ, ಕೋರ್ಟಿಗೆ ಹೋಗುತ್ತೆ. ವಿಲ್ ಒಳಗೇ ಮಗೂಗೆ ಒಂದು ಟ್ರಸ್ಟ್ (ಮಗು ಪರವಾಗಿ ದುಡ್ಡನ್ನ ಬೇರೊಬ್ರು ನೋಡ್ಕೊಳ್ಳೋ ಏರ್ಪಾಡು) ಬರೆಸಿ ಆ ಟ್ರಸ್ಟ್ ಹೆಸರು ಕೊಡಬಹುದು, ಹೇಗೆ ಬರೀಬೇಕು ಅಂತ ಲಾಯರ್‌ನೇ ಕೇಳು.

ಇನ್ನು ಗಾರ್ಡಿಯನ್. ಈ ವಿಷಯ ಮಾತಾಡೋಕೆ ಎಲ್ರಿಗೂ ಸಂಕಟ, ನಮಗೂ ಆಗಿತ್ತು, ಆದ್ರೂ ಬಿಡ್ಬೇಡ. ನಿಮ್ಮಿಬ್ಬರಿಗೂ ಏನಾದ್ರೂ ಆದ್ರೆ ಮಗು ಯಾರ ಹತ್ರ? ಮೈಸೂರಲ್ಲಿ ಅಜ್ಜಿ ತಾತ ಇದ್ದಾರೆ ಸರಿ, ಆದ್ರೆ ಆ ರಾತ್ರಿ ಮಗುವನ್ನ ಎತ್ತಿಕೊಳ್ಳೋರು ಯಾರು, ಅವ್ರಿಗೆ ವೀಸಾ ಸಿಕ್ಕು ವಿಮಾನ ಹತ್ತೋಕೆ ಎಷ್ಟು ದಿನ? ನಾವು ಎರಡು ಹೆಸರು ಬರೆಸಿದ್ವಿ, ಊರಿಂದ ಬರೋತನಕ ನೋಡ್ಕೊಳ್ಳೋಕೆ ಇಲ್ಲೇ ಹತ್ತಿರ ಇರೋ ಸ್ನೇಹಿತರು, ಆಮೇಲೆ ಬೆಳೆಸೋಕೆ ನಮ್ಮ ತಂಗಿ. ಕೇಳ್ದೇ ಯಾರ ಹೆಸರೂ ಬರೀಬೇಡ. ಮಗುವಿನ ಪಾಸ್‌ಪೋರ್ಟು, ವೀಸಾ ಇಲ್ದೇ ಭಾರತಕ್ಕೆ ಹೋಗೋಕೆ ಬೇಕಾದ ಓಸಿಐ ಕಾರ್ಡು ಬೇಗ ಮಾಡಿಸಿ, ಎಲ್ಲಿದೆ ಅಂತ ಅವ್ರಿಗೂ ಹೇಳಿರು.

ಸೈಟಿಗೆ ಊರಲ್ಲೇ ಬೇರೆ ವಿಲ್ ಮಾಡ್ಸು, ಇಬ್ಬರು ಸಾಕ್ಷಿ ಬೇಕು, ರಿಜಿಸ್ಟ್ರೇಶನ್ ಕಡ್ಡಾಯ ಅಲ್ಲ ಆದ್ರೂ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಮಾಡಿಸಿಬಿಟ್ರೆ ಆಮೇಲೆ ತಕರಾರು ಕಡಿಮೆ. ವಿಲ್ ಇಲ್ದೇ ಹೋದ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ ನಿನ್ನ ಸೈಟು ಗಂಡನಿಗೂ ಮಗೂಗೂ ಹೋಗುತ್ತೆ, ಕೊಟ್ಟ ಅಪ್ಪನಿಗೆ ಪಾಲಿಲ್ಲ. ಅದೇ ನಿನ್ನ ಗಂಡನ ಆಸ್ತಿ ಆದ್ರೆ ನಿಮ್ಮ ಅತ್ತೆಗೂ ಸಮಪಾಲು. ಯಾರಿಗೆ ಏನು ಅಂತ ನೀವೇ ಬರೆದಿಡೋದು ಒಳ್ಳೇದಲ್ವಾ.

ಇಲ್ಲೊಂದು ಮಾತು ಗಟ್ಟಿಯಾಗಿ ಹಿಡ್ಕೋ. ಊರಲ್ಲಿ ವಿಲ್ ಮಾಡಿಸಿ ಬಂದು ಎರಡು ವರ್ಷಕ್ಕೆ ನಾವು ಇಲ್ಲಿನದನ್ನ ಹೊಸದಾಗಿ ಬರೆಸಿದ್ವಿ. ಸೈನ್ ಮಾಡೋ ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ನಮ್ಮೆಜಮಾನ್ರು ಡ್ರಾಫ್ಟ್ ಓದ್ತಾ ಇದ್ದೋರು ಮೊದಲನೇ ಪುಟದಲ್ಲೇ ನಿಂತುಬಿಟ್ರು. ಇದಕ್ಕೆ ಮುಂಚೆ ಬರೆದ ಎಲ್ಲಾ ವಿಲ್‌ಗಳನ್ನೂ ರದ್ದು ಮಾಡಿದ್ದೀನಿ ಅಂತ ಒಂದು ಸಾಲು. ಮಾಮೂಲಿ ಸಾಲಂತೆ, ಎಲ್ಲಾ ವಿಲ್‌ನಲ್ಲೂ ಇರುತ್ತಂತೆ, ಆದ್ರೆ ಅದರಿಂದ ಮೈಸೂರಿನ ವಿಲ್ಲೂ ಹೋಗ್ಬಿಡ್ತಿತ್ತು! ಭಾರತದ ಆಸ್ತಿಗೆ ಬರೆದಿರೋ ವಿಲ್ ಬಿಟ್ಟು ಅಂತ ಸೇರಿಸೋಕೆ ಲಾಯರ್‌ಗೆ ಐದು ನಿಮಿಷ ಹಿಡೀತು. ನೀನು ಮೊದಲೇ ಹೇಳ್ಬಿಡು.

ಟ್ಯಾಕ್ಸ್ ವಿಷಯ ಹೆಚ್ಚು ಎಳೆಯಲ್ಲ. 2026ರಿಂದ ಫೆಡರಲ್ ಎಸ್ಟೇಟ್ ಟ್ಯಾಕ್ಸ್ (ತೀರಿಕೊಂಡೋರ ಆಸ್ತಿ ಮೇಲಿನ ತೆರಿಗೆ) ವಿನಾಯಿತಿ 15 ಮಿಲಿಯನ್ ಡಾಲರ್, ಆದ್ರೆ ಸಿಟಿಜನ್ ಅಲ್ಲದೇ ಇಲ್ಲಿ ಕಾಯಂ ನೆಲೆಸಿದೋರೂ ಅಲ್ಲ ಅಂತಾದ್ರೆ ಅದು ಬರೀ 60 ಸಾವಿರ, ನೀವು ಹೆಚ್1ಬಿ ಕೆಲಸದ ವೀಸಾದಲ್ಲಿ ಇರೋದ್ರಿಂದ ಇದನ್ನ ಲಾಯರ್ ಹತ್ರ ಬಾಯಿಬಿಟ್ಟು ಕೇಳು. ಪವರ್ ಆಫ್ ಅಟಾರ್ನಿ, ಆಸ್ಪತ್ರೆಗೆ ಬೇಕಾದ ಮೆಡಿಕಲ್ ಪವರ್ ಆಫ್ ಅಟಾರ್ನಿ ಎರಡನ್ನೂ ಟೆಕ್ಸಸ್ ಫಾರ್ಮಲ್ಲೇ ಹೊಸದಾಗಿ ಮಾಡ್ಸಿ.

ಬಾಣಂತಿ ನೀನು, ಒಂದೇ ದಿನಕ್ಕೆ ಎಲ್ಲಾ ಮುಗಿಸೋಕೆ ಹೋಗ್ಬೇಡ. ಇವತ್ತು ಬೆನಿಫಿಶಿಯರಿ ಫಾರ್ಮ್ ಅಷ್ಟೇ ನೋಡು, ಶನಿವಾರ ಇಬ್ಬರೂ ಕೂತು ಗಾರ್ಡಿಯನ್ ಯಾರು ಅಂತ ಮಾತಾಡಿ. ಸೈನ್ ಮಾಡೋ ದಿನ ಇಲ್ಲೂ ಇಬ್ಬರು ಸಾಕ್ಷಿ ಬೇಕು, ಯಾರೂ ಸಿಗ್ಲಿಲ್ಲ ಅಂದ್ರೆ ನಾನೂ ನಮ್ಮೆಜಮಾನ್ರೂ ಬರ್ತೀವಿ, ಹಾಗೇ ಮಗುವನ್ನೂ ನೋಡ್ದಂಗಾಗುತ್ತೆ.